ಈ ಕೆಲಸ ನಾನು ಮಾಡಲ್ಲ ಎಂದ ಡಾಕ್ಟರ್

ಯೌವನಸ್ಥರ ಕೂಟದ ಸಂದೇಶ, ನಾಗರಬಾವಿ
ವಾಕ್ಯಭಾಗ: ವಿಮೋಚನಕಾಂಡ 1:15-21, ದಾನಿಯೇಲ 3:16-18

ಮಳೆ, ಟ್ರಾಫಿಕ್ಕು ಎಲ್ಲಾ ದಾಟಿಕೊಂಡು ಬಂದಿದ್ದೀರಿ, ದೇವರಿಗೆ ಸ್ತೋತ್ರ. ಬೈಬಲ್ ತೆಗೆಯಿರಿ, ವಿಮೋಚನಕಾಂಡ ಒಂದನೇ ಅಧ್ಯಾಯ. ಮೊಬೈಲಲ್ಲಿ ಓದುವವರು ನೋಟಿಫಿಕೇಷನ್ ಆಫ್ ಮಾಡಿಕೊಳ್ಳಿ.

ಇಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಶಿಪ್ರಾ ಮತ್ತು ಪೂಗಾ. ಇಬ್ಬರೂ ಸೂಲಗಿತ್ತಿಯರು. ಇವತ್ತಿನ ಭಾಷೆಯಲ್ಲಿ ಹೇಳಬೇಕಾದರೆ ಮೆಡಿಕಲ್ ಫೀಲ್ಡಿನವರು. ಫರೋಹನು ಅವರನ್ನು ಕರೆಸಿ, ಇಬ್ರಿಯ ಹೆಂಗಸರ ಹೆರಿಗೆ ಮಾಡಿಸುವಾಗ ಗಂಡು ಮಗು ಆದರೆ ಕೊಂದುಬಿಡಿ ಅಂತ ಆರ್ಡರ್ ಕೊಡುತ್ತಾನೆ. ಅವರು ದೇವರಿಗೆ ಭಯಪಟ್ಟರು, ಮಾಡಲಿಲ್ಲ. ಒಂದು ವಿಷಯ ಗಮನಿಸಿ. ಆ ಫರೋಹನ ಹೆಸರು ಈ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಅಷ್ಟು ದೊಡ್ಡ ರಾಜ, ಹೆಸರಿಲ್ಲ! ಆದರೆ ಆ ಇಬ್ಬರು ಸೂಲಗಿತ್ತಿಯರ ಹೆಸರನ್ನು ಪವಿತ್ರಾತ್ಮನು ಬರೆಸಿ ಇಟ್ಟಿದ್ದಾನೆ. ಆಮೆನ್?

ಇವತ್ತು ನಾನು ಹೇಳಲು ಹೊರಟಿರುವುದು ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಬದುಕಿದ ಇನ್ನೊಬ್ಬ ಶಿಪ್ರಾಳ ಬಗ್ಗೆ. ಅವರ ಹೆಸರು ಡಾಕ್ಟರ್ ಅಡೆಲಾಯ್ಡ್ ಹೋತ್ವಾಲ್. ಪಾಸ್ಟರ್ ಮಗಳು, ಮಾನಸಿಕ ರೋಗಗಳ ವೈದ್ಯೆ, ಆಮೇಲೆ ಆಶ್ವಿಟ್ಜ್ ಶಿಬಿರದ ಕೈದಿ.

ಯುದ್ಧದಲ್ಲಿ ಡಾಕ್ಟರುಗಳು ಮಾಡಿದ್ದು

ಮೊದಲು ಆ ಕಾಲ ಹೇಗಿತ್ತು ಅಂತ ತಿಳಿದುಕೊಳ್ಳೋಣ. ಎರಡನೇ ಮಹಾಯುದ್ಧ ನಮಗೆ ತೀರಾ ದೂರದ್ದೇನಲ್ಲ. ನಮ್ಮ ಬೆಂಗಳೂರಿನ ಸುತ್ತಮುತ್ತಲೇ ಆಗ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು. ಸೋತು ಸೆರೆಸಿಕ್ಕ ಸೈನಿಕನನ್ನು ಮನುಷ್ಯನ ಹಾಗೆ ನೋಡಿಕೊಳ್ಳಬೇಕು ಅಂತ 1929ರ ಜಿನೀವಾ ಒಪ್ಪಂದ ಆಗಲೇ ಇತ್ತು. ಕಾಗದದ ಮೇಲೆ ಇತ್ತು.

ನಡೆದದ್ದು ಏನು? ಜರ್ಮನಿಯ ಡಾಖಾವ್ ಶಿಬಿರದಲ್ಲಿ ಡಾಕ್ಟರುಗಳು ಕೈದಿಗಳನ್ನು ಮಂಜುಗಡ್ಡೆಯ ನೀರಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟು, ಮನುಷ್ಯ ಎಷ್ಟು ಹೊತ್ತಿಗೆ ಸಾಯುತ್ತಾನೆ ಅಂತ ಬರೆದುಕೊಂಡರು. ಅವರಲ್ಲಿ ಸೋವಿಯತ್ ಯುದ್ಧಕೈದಿಗಳೂ ಇದ್ದರು. ಸಮುದ್ರಕ್ಕೆ ಬಿದ್ದ ನಮ್ಮ ಪೈಲಟ್‌ಗಳನ್ನು ಉಳಿಸಲು ಈ ಮಾಹಿತಿ ಬೇಕು ಅನ್ನುವುದು ಅವರ ಕಾರಣ. 1941ರ ಸೆಪ್ಟೆಂಬರಿನಲ್ಲಿ ಆಶ್ವಿಟ್ಜ್‌ನಲ್ಲಿ ವಿಷಗಾಳಿಯನ್ನು ಮೊದಲು ಪರೀಕ್ಷೆ ಮಾಡಿ ನೋಡಿದ್ದು ಸುಮಾರು 600 ಸೋವಿಯತ್ ಯುದ್ಧಕೈದಿಗಳ ಮೇಲೆ ಮತ್ತು ಕಾಯಿಲೆ ಬಿದ್ದಿದ್ದ ಇತರ ಕೈದಿಗಳ ಮೇಲೆ. ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಪೋಲೆಂಡಿನ ಯುವತಿಯರ ಕಾಲು ಕೊಯ್ದು, ಗಾಯಕ್ಕೆ ರೋಗಾಣು ಹಾಕಿ, ಔಷಧಿ ಕೆಲಸ ಮಾಡುತ್ತಾ ನೋಡಿದರು. ಇತ್ತ ಏಷ್ಯಾದಲ್ಲಿ, ಚೀನಾದ ಹಾರ್ಬಿನ್ ಹತ್ತಿರ, ಜಪಾನ್ ಸೈನ್ಯದ ಯೂನಿಟ್ 731 ಚೀನಾದ ಜನರಿಗೂ ಸೋವಿಯತ್ ಕೈದಿಗಳಿಗೂ ಪ್ಲೇಗ್ ಅಂಟಿಸಿ, ಜೀವ ಇರುವಾಗಲೇ ದೇಹ ಕೊಯ್ದು ನೋಡಿತು. ಯುದ್ಧ ಮುಗಿದ ಮೇಲೆ ಅದರ ಮುಖ್ಯಸ್ಥ ಶಿರೋ ಇಶಿಯ ಮೇಲೆ ಅಮೆರಿಕದವರು ಕೇಸೇ ಹಾಕಲಿಲ್ಲ. ಅವನ ಹತ್ತಿರ ಇದ್ದ ಮಾಹಿತಿ ಅವರಿಗೆ ಬೇಕಿತ್ತು.

ಇದನ್ನು ಮಾಡಿದವರು ಯಾರು? ಓದು ಬರಹ ಇಲ್ಲದವರಲ್ಲ, ಗೋಲ್ಡ್ ಮೆಡಲ್ ತೆಗೆದುಕೊಂಡಂಥ ಡಾಕ್ಟರುಗಳು. ಆಗಿನ ಜರ್ಮನಿ ಬೀದಿಗೊಂದು ಚರ್ಚ್ ಇದ್ದ ದೇಶ. ಬೆಳಿಗ್ಗೆ ಕೈದಿಗಳ ಮೇಲೆ ಪ್ರಯೋಗ, ಸಂಜೆ ಮನೆಗೆ ಹೋಗಿ ಹೆಂಡತಿ ಮಕ್ಕಳ ಜೊತೆ ಊಟ. ಅದಕ್ಕೇ ಈ ವಿಷಯ ಯೌವನಸ್ಥರ ಕೂಟದಲ್ಲಿ ಮಾತಾಡಬೇಕು ಅನ್ನಿಸಿತು. ಡಿಗ್ರಿ ಇದ್ದ ಮಾತ್ರಕ್ಕೆ, ಚರ್ಚಿಗೆ ಹೋದ ಮಾತ್ರಕ್ಕೆ ಮನಸ್ಸಾಕ್ಷಿ ತಾನಾಗಿ ಉಳಿಯುವುದಿಲ್ಲ.

ಗಡಿನಾಡಿನ ಹುಡುಗಿ

ಅಡೆಲಾಯ್ಡ್ ಹುಟ್ಟಿದ್ದು 1906ರ ಜನವರಿ 1ರಂದು, ಅಲ್ಸಾಸ್ ಎಂಬ ಸೀಮೆಯ ಲೆ ಹೋವಾಲ್ಡ್ ಊರಲ್ಲಿ. ಅಲ್ಸಾಸ್ ಅಂದರೆ ಫ್ರಾನ್ಸ್ ಮತ್ತು ಜರ್ಮನಿ ನಡುವಿನ ಗಡಿನಾಡು. ಯಾರು ಯುದ್ಧ ಗೆದ್ದರೆ ಅವರ ಪಾಲಿಗೆ ಹೋಗುತ್ತಿತ್ತು. ಕಾಸರಗೋಡು, ಬೆಳಗಾವಿ ಕಡೆಯಿಂದ ಬಂದವರಿಗೆ ಎರಡು ಭಾಷೆಯ ನಡುವೆ ಬೆಳೆಯೋದು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಇವರು ಹುಟ್ಟಿದಾಗ ಅದು ಜರ್ಮನಿ, ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸ್. ಹೀಗಾಗಿ ಫ್ರೆಂಚೂ ಬರುತ್ತಿತ್ತು, ಜರ್ಮನ್ನೂ ಬರುತ್ತಿತ್ತು. ಈ ಜರ್ಮನ್ ಭಾಷೆ ಮುಂದೆ ಅವರ ಜೀವನವನ್ನೇ ತಿರುಗಿಸುತ್ತದೆ.

ತಂದೆ ಪ್ರೊಟೆಸ್ಟೆಂಟ್ ಪಾಸ್ಟರ್. ಮಗಳು ಸ್ಟ್ರಾಸ್‌ಬರ್ಗ್‌ನಲ್ಲಿ ಮೆಡಿಕಲ್ ಓದಿ, ಮಾನಸಿಕ ರೋಗಗಳ ವಿಭಾಗದಲ್ಲಿ ಪರಿಣತಿ ಪಡೆದರು. 1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸನ್ನು ಗೆದ್ದಾಗ ದೇಶ ಎರಡು ಭಾಗವಾಯಿತು. ಒಂದು ಕಡೆ ಜರ್ಮನರು, ಇನ್ನೊಂದು ಕಡೆ ಅವರು ಹೇಳಿದಂತೆ ಕೇಳುವ ಫ್ರೆಂಚ್ ಸರ್ಕಾರ. ನಡುವೆ ಒಂದು ಗೆರೆ, ಪಾಸ್ ಇಲ್ಲದೆ ದಾಟುವಂತಿಲ್ಲ.

1942ರ ಏಪ್ರಿಲ್. ಗೆರೆಯ ಆ ಕಡೆ, ಪ್ಯಾರಿಸ್‌ನಲ್ಲಿ, ಅವರ ತಾಯಿ ತೀರಿಕೊಂಡರು. ಮಣ್ಣಿಗೆ ಹೋಗಬೇಕು ಅಂತ ಪಾಸ್ ಕೇಳಿದರು. ಕೊಡಲಿಲ್ಲ. ಹೆತ್ತ ತಾಯಿಯ ಮಣ್ಣು, ಹೇಗೆ ಬಿಡೋದು? ಪಾಸ್ ಇಲ್ಲದೆ ಹೊರಟರು, ವಿಯರ್ಝೋನ್ ಎಂಬಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದು ಬೂರ್ಜ್ ಊರಿನ ಜೈಲು ಸೇರಿದರು.

ಇಷ್ಟೇ ಆಗಿದ್ದರೆ ಸಣ್ಣ ಕೇಸು. ಕೆಲವು ವಾರ ಇದ್ದು ಬಿಡುಗಡೆ ಆಗುತ್ತಿದ್ದರು. ಆದರೆ ಅದೇ ಜೈಲಿಗೆ ಯೆಹೂದ್ಯ ಕೈದಿಗಳನ್ನು ತಂದು ಹಾಕಿದರು, ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿಸಿದ್ದರು. ಕಾವಲುಗಾರರು ಅವರನ್ನು ನಾಯಿಗಿಂತ ಕಡೆಯಾಗಿ ನೋಡುತ್ತಿದ್ದರು. ಅಡೆಲಾಯ್ಡ್‌ಗೆ ಜರ್ಮನ್ ಬರುತ್ತಿತ್ತಲ್ಲ, ಆ ಭಾಷೆಯಲ್ಲೇ ಅಧಿಕಾರಿಗಳ ಹತ್ತಿರ ಹೋಗಿ, ಇವರೂ ಎಲ್ಲರಂತೆ ಮನುಷ್ಯರೇ ತಾನೇ, ಯಾಕೆ ಹೀಗೆ ಮಾಡ್ತೀರಿ ಅಂತ ಕೇಳಿದರು. ಅವರ ಪರ ಮಾತಾಡ್ತೀಯಾ, ಹಾಗಾದರೆ ಅವರಿಗೆ ಆಗುವುದೇ ನಿನಗೂ ಆಗಲಿ ಅನ್ನುವ ಅರ್ಥದ ಉತ್ತರ ಬಂತು. ಅವರ ಬಟ್ಟೆಗೂ ನಕ್ಷತ್ರ ಹೊಲಿಸಿದರು, ಜೊತೆಗೆ ಯೆಹೂದ್ಯರ ಸ್ನೇಹಿತೆ ಎಂದು ಬರೆದ ಪಟ್ಟಿ. ಅವಮಾನ ಮಾಡಲು ಹಾಕಿದ ಬೋರ್ಡ್ ಅದು. ಆದರೆ ಯೋಚಿಸಿ ನೋಡಿ, ನಮ್ಮ ಕರ್ತನಿಗೂ ಪಾಪಿಗಳ ಸ್ನೇಹಿತ ಎಂಬ ಹೆಸರನ್ನು ಬೈಗುಳವಾಗಿಯೇ ಕೊಟ್ಟಿದ್ದರು ಅಲ್ವಾ?

230 ಹೆಂಗಸರ ರೈಲು

1943ರ ಜನವರಿ 24. ಜರ್ಮನರನ್ನು ವಿರೋಧಿಸಿದ ಫ್ರಾನ್ಸಿನ 230 ಹೆಂಗಸರನ್ನು ರೈಲಿಗೆ ತುಂಬಿ ಆಶ್ವಿಟ್ಜ್‌ಗೆ ಕಳಿಸಿದರು. ಅದರಲ್ಲಿ ಇವರೂ ಒಬ್ಬರು. ಮೂರು ದಿನ ಪ್ರಯಾಣ, ಇಳಿದಾಗ ಪೋಲೆಂಡಿನ ಚಳಿಗಾಲ. ತೋಳಿನ ಮೇಲೆ ನಂಬರ್ ಚುಚ್ಚಿದರು: 31802. ಆ 230 ಜನರಲ್ಲಿ ಜೀವಂತ ವಾಪಸ್ಸು ಬಂದವರು 49 ಮಂದಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಇದರ ಬಗ್ಗೆ ಮಾತಾಡ್ತೀನಿ.

ಬಿರ್ಕೆನಾವ್ ಅಂದರೆ ಆಶ್ವಿಟ್ಜ್‌ನ ಎರಡನೇ ಶಿಬಿರ. ಅಲ್ಲಿ ಟೈಫಸ್ ಜ್ವರ ಹರಡಿತ್ತು. ಜ್ವರ ಇದೆ ಅಂತ ಗೊತ್ತಾದರೆ ನೇರ ವಿಷಗಾಳಿಯ ಕೋಣೆಗೆ. ಡಾಕ್ಟರ್ ಹೋತ್ವಾಲ್ ಏನು ಮಾಡಿದರು ಗೊತ್ತಾ? ಜ್ವರ ಬಂದ ಹೆಂಗಸರನ್ನು ಕಾವಲುಗಾರರ ಕಣ್ಣಿಗೆ ಬೀಳದ ಮೇಲಿನ ಅಟ್ಟಣೆಗಳಲ್ಲಿ ಮಲಗಿಸಿ, ರಿಪೋರ್ಟ್ ಮಾಡದೆ ಅಲ್ಲೇ ಆರೈಕೆ ಮಾಡಿದರು. ಔಷಧಿ ಇಲ್ಲ, ಸ್ಟೆತಾಸ್ಕೋಪ್ ಇಲ್ಲ. ಇದ್ದದ್ದು ಎರಡು ಕೈ.

10ನೇ ಬ್ಲಾಕ್

ಆ ವರ್ಷವೇ ಅವರನ್ನು ಮುಖ್ಯ ಶಿಬಿರದ 10ನೇ ಬ್ಲಾಕಿಗೆ ಕರೆತಂದರು. ಸ್ತ್ರೀರೋಗ ನೋಡಲು ವೈದ್ಯೆ ಬೇಕು ಅನ್ನುವುದು ಕಾರಣ. ಹೋಗಿ ನೋಡಿದರೆ ಅದು ಆಸ್ಪತ್ರೆಯೇ ಅಲ್ಲ. ನೂರಾರು ಯೆಹೂದ್ಯ ಹೆಂಗಸರು, ಗ್ರೀಸ್, ಹಾಲೆಂಡ್, ಫ್ರಾನ್ಸಿನಿಂದ ತಂದವರು. ಕಿಟಕಿಗಳಿಗೆಲ್ಲಾ ಹಲಗೆ. ಯಾಕಂದರೆ ಪಕ್ಕದ ಅಂಗಳದಲ್ಲಿ ಗೋಡೆಗೆ ನಿಲ್ಲಿಸಿ ಜನರಿಗೆ ಗುಂಡು ಹೊಡೆಯುತ್ತಿದ್ದರು.

ಒಳಗೆ ಪ್ರಯೋಗ. ಕಾರ್ಲ್ ಕ್ಲೌಬರ್ಗ್ ಎಂಬ ಪ್ರೊಫೆಸರ್ ಹೆಂಗಸರ ಗರ್ಭಕೋಶಕ್ಕೆ ಸುಡುವ ರಾಸಾಯನಿಕ ಚುಚ್ಚಿ ಬಂಜೆತನ ತರುತ್ತಿದ್ದ. ಒಬ್ಬ ಡಾಕ್ಟರ್, ಹತ್ತು ಸಹಾಯಕರು ಇದ್ದರೆ ದಿನಕ್ಕೆ ನೂರಾರು, ಬಹುಶಃ ಸಾವಿರ ಹೆಂಗಸರಿಗೆ ಹೀಗೆ ಮಾಡಬಹುದು ಅಂತ 1943ರ ಜೂನ್‌ನಲ್ಲಿ ಅವನು ಹಿಮ್ಲರನಿಗೆ ಪತ್ರವನ್ನೇ ಬರೆದ. ಹೋರ್ಸ್ಟ್ ಶೂಮನ್ ಎಂಬ ಇನ್ನೊಬ್ಬ ಡಾಕ್ಟರ್ ಎಕ್ಸ್‌ರೇಯಿಂದ ಹುಡುಗ ಹುಡುಗಿಯರನ್ನು ಸುಟ್ಟು, ಆಮೇಲೆ ಆಪರೇಷನ್ ಮಾಡಿಸಿ ಅವರ ಅಂಗಗಳನ್ನು ತೆಗೆಸಿ ಪರೀಕ್ಷೆ ಮಾಡುತ್ತಿದ್ದ. ಆ ಆಪರೇಷನ್ ಮಾಡಿದವರಲ್ಲಿ ಕೈದಿ ಡಾಕ್ಟರುಗಳೂ ಇದ್ದರು. ಪೋಲೆಂಡಿನ ವ್ಲಾದಿಸ್ಲಾವ್ ಡೆರಿಂಗ್ ಅವರಲ್ಲೊಬ್ಬ. ಈ ಹೆಸರು ಮತ್ತೆ ಬರುತ್ತದೆ.

ಇಡೀ ಆಶ್ವಿಟ್ಜ್‌ನ ಮುಖ್ಯ ವೈದ್ಯಾಧಿಕಾರಿ ಎಡ್ವರ್ಡ್ ವಿರ್ಟ್ಸ್. ಅವನು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಸಂಶೋಧನೆ ನಡೆಸುತ್ತಿದ್ದ. ಕೇಳಲು ಒಳ್ಳೆಯದೇ ಅಲ್ವಾ? ಕ್ಯಾನ್ಸರನ್ನು ಬೇಗ ಕಂಡುಹಿಡಿಯುವುದು. ಆದರೆ ಆ ಹೆಂಗಸರನ್ನು ಯಾರೂ ಕೇಳಲಿಲ್ಲ. ಅವರ ದೇಹದ ತುಂಡುಗಳು ಪಾರ್ಸೆಲ್ ಆಗಿ ಜರ್ಮನಿಯ ಲ್ಯಾಬಿಗೆ ಹೋಗುತ್ತಿದ್ದವು.

ಡಾಕ್ಟರ್ ಹೋತ್ವಾಲ್ ವಿರ್ಟ್ಸ್‌ನ ಮುಂದೆ ನಿಂತು ಈ ಪ್ರಯೋಗಗಳಲ್ಲಿ ನಾನು ಕೈ ಹಾಕುವುದಿಲ್ಲ ಎಂದು ಹೇಳಿದರು. ಅವನಿಗೆ ಆಶ್ಚರ್ಯ. ಮಾನಸಿಕ ರೋಗಗಳ ವೈದ್ಯೆಯಾಗಿ ಜನಾಂಗ ಶುದ್ಧಿಯ ಈ ಕೆಲಸ ನಿನಗೆ ತಪ್ಪು ಅಂತ ಅನ್ನಿಸುತ್ತಾ ಅಂತ ವಿಚಾರಿಸಿದ. ಇನ್ನೊಬ್ಬರ ಜೀವವನ್ನು, ಅವರ ಮುಂದಿನ ಬದುಕನ್ನು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ಅವರ ಉತ್ತರದ ಸಾರ. ಅವನು ಬಿಡಲಿಲ್ಲ. ಈ ಯೆಹೂದ್ಯರು ನಿನಗಿಂತ ಬೇರೆ ಥರದವರು ಅಂತ ನಿನಗೆ ಕಾಣಲ್ವಾ ಅಂತ ಕೇಳಿದ. ಈ ಶಿಬಿರದಲ್ಲಿ ತನಗಿಂತ ಬೇರೆ ಥರದವರು ಬಹಳ ಜನ ಇದ್ದಾರೆ, ಮೊದಲನೆಯವರು ನೀವೇ ಅಂತ ಅವರು ಹೇಳಿಬಿಟ್ಟರು.

ತೋಳಿನ ಮೇಲೆ ನಂಬರ್ ಇರುವ ಕೈದಿ, ಆಶ್ವಿಟ್ಜ್‌ನ ಮುಖ್ಯ ಡಾಕ್ಟರನ ಮುಂದೆ! ಈ ಮಾತಿನಲ್ಲಿ ಕೂಗಾಟ ಇಲ್ಲ, ಶಾಪ ಇಲ್ಲ. ಸತ್ಯ ಮಾತ್ರ ಇದೆ.

ಆ ದಿನಗಳಲ್ಲಿ ಒಬ್ಬ ಕೈದಿ ವೈದ್ಯೆ ಅವರಿಗೆ ಹೇಳಿದ ಮಾತನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಇಲ್ಲಿ ನಡೆದದ್ದು ಹೊರಗೆ ತಿಳಿಯಬಾರದು ಅಂತ ಜರ್ಮನರು ನಮ್ಮನ್ನು ಜೀವಂತ ಬಿಡುವುದಿಲ್ಲ, ಹಾಗಾಗಿ ಉಳಿದಿರುವ ಸ್ವಲ್ಪ ಕಾಲ ಮನುಷ್ಯರಾಗಿ ನಡೆದುಕೊಳ್ಳುವುದೊಂದೇ ನಮ್ಮ ಪಾಲಿಗೆ ಇರುವುದು ಅನ್ನುವ ಅರ್ಥದ ಮಾತು ಅದು. ತಪ್ಪಿಸಿಕೊಳ್ಳುವ ಆಸೆ ಇಟ್ಟುಕೊಂಡು ಅವರು ಇಲ್ಲ ಅನ್ನಲಿಲ್ಲ. ಸಾಯುತ್ತೇವೆ ಅಂತ ತಿಳಿದುಕೊಂಡೇ ಇಲ್ಲ ಅಂದರು.

ಅವರನ್ನು ಬಿರ್ಕೆನಾವ್‌ಗೆ ವಾಪಸ್ಸು ಕಳಿಸಿದರು. ಮೆಂಗೆಲೆಯ ಹೆಸರು ನೀವು ಕೇಳಿರುತ್ತೀರಿ, ಅವಳಿ ಮಕ್ಕಳ ಮೇಲೆ ಪ್ರಯೋಗ ಮಾಡಿದವನು. ಅವನ ಕೆಲಸಕ್ಕೆ ಸೇರಲೂ ಅವರು ಒಪ್ಪಲಿಲ್ಲ. 1944ರ ಆಗಸ್ಟ್‌ನಲ್ಲಿ ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಹಾಕಿದರು. 1945ರ ಏಪ್ರಿಲ್ ಕೊನೆಯಲ್ಲಿ ಆ ಶಿಬಿರ ಬಿಡುಗಡೆಯಾಯಿತು. ಬಾಗಿಲು ತೆರೆದ ಮೇಲೆ ಯಾರಾದರೂ ಮನೆಗೆ ಓಡುತ್ತಾರೆ. ಇವರು ಓಡಲಿಲ್ಲ. ನಡೆಯಲಾಗದ ರೋಗಿಗಳನ್ನು ನೋಡಿಕೊಂಡು ಅಲ್ಲೇ ಉಳಿದು, ಜೂನ್ ತಿಂಗಳಲ್ಲಿ ಫ್ರಾನ್ಸಿಗೆ ಮರಳಿದರು.

ನಮಗೆ ಬೇರೆ ದಾರಿ ಇರಲಿಲ್ಲ

ಯುದ್ಧ ಮುಗಿದ ಮೇಲೆ ಏನಾಯಿತು? 1946ರ ಡಿಸೆಂಬರಿನಲ್ಲಿ ನ್ಯೂರೆಂಬರ್ಗ್‌ನಲ್ಲಿ ಡಾಕ್ಟರುಗಳ ವಿಚಾರಣೆ ಶುರುವಾಯಿತು. 23 ಆರೋಪಿಗಳು. 16 ಜನರ ತಪ್ಪು ಸಾಬೀತಾಗಿ, 7 ಜನರಿಗೆ ಗಲ್ಲು. ಆ ತೀರ್ಪಿನಲ್ಲೇ ಹತ್ತು ಅಂಶಗಳ ನ್ಯೂರೆಂಬರ್ಗ್ ಸಂಹಿತೆ ಬಂತು. ಮೊದಲನೇ ಅಂಶವೇ, ಆ ವ್ಯಕ್ತಿ ತಾನಾಗಿ ಒಪ್ಪದೆ ಅವನ ಮೇಲೆ ಪ್ರಯೋಗ ಕೂಡದು ಎಂಬುದು. ಇಲ್ಲೇ ನಮ್ಮ ನಾಗರಬಾವಿಯ ಲಾ ಸ್ಕೂಲಿನಲ್ಲಿ ಓದುವವರು ಇದನ್ನು ಪಾಠದಲ್ಲಿ ನೋಡಿರುತ್ತೀರಿ. ನಮ್ಮ ಆಸ್ಪತ್ರೆಗಳ ಕನ್ಸೆಂಟ್ ಫಾರ್ಮಿನ ಹಿಂದೆ ಇಷ್ಟು ಜನರ ರಕ್ತ ಇದೆ.

ವಿರ್ಟ್ಸ್ 1945ರಲ್ಲೇ ಬಂಧನದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಕ್ಲೌಬರ್ಗ್ 1957ರಲ್ಲಿ, ವಿಚಾರಣೆಗೆ ಮೊದಲೇ ಸತ್ತ. ಡೆರಿಂಗ್ ಮಾತ್ರ ಲಂಡನ್ನಿನಲ್ಲಿ ಗೌರವಸ್ಥ ಡಾಕ್ಟರಾಗಿ ಬದುಕುತ್ತಿದ್ದ. ಲಿಯಾನ್ ಯೂರಿಸ್ ಎಂಬ ಲೇಖಕ ತನ್ನ ಕಾದಂಬರಿಯಲ್ಲಿ ಅವನ ಹೆಸರು ಬರೆದಾಗ, ಮಾನ ಹೋಯಿತು ಅಂತ ಡೆರಿಂಗ್ ಕೇಸು ಹಾಕಿದ. 1964ರಲ್ಲಿ ಲಂಡನ್ನಿನಲ್ಲಿ ವಿಚಾರಣೆ ನಡೆಯಿತು. ಅವನ ವಾದ ನಮಗೆಲ್ಲಾ ಗೊತ್ತಿರುವಂಥದ್ದೇ. ನನಗೆ ಬೇರೆ ದಾರಿ ಇರಲಿಲ್ಲ, ಒಪ್ಪದಿದ್ದರೆ ನನ್ನನ್ನು ಕೊಲ್ಲುತ್ತಿದ್ದರು, ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಿದ್ದ.

ಆಗ ಸಾಕ್ಷಿ ಕಟಕಟೆಗೆ ಡಾಕ್ಟರ್ ಹೋತ್ವಾಲ್ ಬಂದರು. 58 ವರ್ಷದ ಹೆಂಗಸು, ಫ್ರಾನ್ಸಿನ ಶಾಲಾ ಮಕ್ಕಳ ಆರೋಗ್ಯ ನೋಡಿಕೊಂಡಿದ್ದ ಡಾಕ್ಟರ್. ದೊಡ್ಡ ಭಾಷಣ ಮಾಡಲಿಲ್ಲ. ಏನು ಕೇಳಿದರು, ತಾನು ಏನು ಉತ್ತರ ಕೊಟ್ಟೆ, ಅಷ್ಟೇ ಹೇಳಿದರು. ಅದೇ ಶಿಬಿರ, ಅದೇ ಡಾಕ್ಟರುಗಳು, ಅದೇ ಸಾವಿನ ಭಯ. ಡೆರಿಂಗ್ ಹೂಂ ಅಂದ. ಇವರು ಇಲ್ಲ ಅಂದರು. ಅವನ ವಾದಕ್ಕೆ ಉತ್ತರ ಕೊಡಲು ಇವರು ಅಲ್ಲಿ ಬಂದು ನಿಂತದ್ದೇ ಸಾಕಾಯಿತು. ಕೇಳಿದ ನ್ಯಾಯಾಧೀಶರು ತೀರ್ಪುಗಾರರ ಮುಂದೆ ಅವರ ಧೈರ್ಯವನ್ನು ಹೊಗಳಿದರು. ಪುಸ್ತಕದಲ್ಲಿ ಬರೆದಿದ್ದ ಆಪರೇಷನ್‌ಗಳ ಲೆಕ್ಕ ತಪ್ಪಾಗಿತ್ತು, ಅದಕ್ಕೆ ಕಾನೂನಿನ ಪ್ರಕಾರ ಡೆರಿಂಗ್ ಗೆದ್ದ. ಆದರೆ ಅವನ ಮಾನಕ್ಕೆ ತೀರ್ಪುಗಾರರು ಕಟ್ಟಿದ ಬೆಲೆ ಅರ್ಧ ಪೆನ್ನಿ. ಇಂಗ್ಲೆಂಡಿನ ಅತಿ ಸಣ್ಣ ಬಿಲ್ಲೆ!

1965ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ, ಯೆಹೂದ್ಯರಿಗಾಗಿ ಪ್ರಾಣ ಪಣಕ್ಕಿಟ್ಟ ಅನ್ಯಜನರಿಗೆ ಕೊಡುವ ಗೌರವವನ್ನು ಅವರಿಗೆ ಕೊಟ್ಟಿತು. 1988ರಲ್ಲಿ ಅವರು ತೀರಿಕೊಂಡರು.

ನಮಗೆ ಇದರಿಂದ ಏನು

ಮೂರು ವಿಷಯ ಹೇಳಿ ಮುಗಿಸ್ತೀನಿ.

ಮೊದಲನೆಯದು, ಇಲ್ಲ ಅನ್ನುವ ಅಭ್ಯಾಸ ಸಣ್ಣದರಲ್ಲಿ ಶುರುವಾಗುತ್ತದೆ. ಆಶ್ವಿಟ್ಜ್‌ನಲ್ಲಿ ಮುಖ್ಯ ಡಾಕ್ಟರಿಗೆ ಇಲ್ಲ ಅಂದವರು, ಅದಕ್ಕೂ ಮೊದಲು ಬೂರ್ಜ್ ಜೈಲಿನಲ್ಲಿ ಬಾಯಿ ಬಿಟ್ಟಿದ್ದರು. ನಮಗೆ ನಾಳೆ ಆಶ್ವಿಟ್ಜ್ ಬರುವುದಿಲ್ಲ. ಸೋಮವಾರ ಬರುತ್ತದೆ. ನಮ್ಮ ಸಭೆಯ ಒಬ್ಬ ತಂಗಿ ನರ್ಸ್ ಆಗಿದ್ದಾಳೆ. ಓದಲು ಬಾರದ ಒಬ್ಬ ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡು ಬಾ, ಏನೂ ವಿವರಿಸಬೇಡ, ಟೈಮಿಲ್ಲ ಅಂತ ಅವಳಿಗೆ ಹೇಳಿದರಂತೆ. ಪಾಸ್ಟರ್, ಇದು ಪಾಪಾನಾ, ಎಲ್ಲರೂ ಹಾಗೇ ಮಾಡ್ತಾರೆ ಅಂತ ನನ್ನನ್ನು ಕೇಳಿದಳು. ನಾನು ಅವಳಿಗೆ ಹೇಳಿದ್ದು ಇಷ್ಟೇ: ಆ ಅಜ್ಜಿ ನಿನ್ನ ಅಜ್ಜಿ ಆಗಿದ್ದರೆ? ಅವಳು ಮಾರನೇ ದಿನ ಹೋಗಿ, ಪಕ್ಕದಲ್ಲಿ ಕೂತು, ಕನ್ನಡದಲ್ಲಿ ಪೂರ್ತಿ ವಿವರಿಸಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಂಡಳು. ಕಾಲು ಗಂಟೆ ಹಿಡಿಯಿತು. ದೇವರ ಮುಂದೆ ಅದು ಸಣ್ಣ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ಎರಡನೆಯದು, ಒಳ್ಳೆಯ ಉದ್ದೇಶ ಇದ್ದರೆ ಸಾಲದು. ಯಾವ ದೇಹದ ಮೇಲೆ ಕೈ ಇಡುತ್ತೀವೋ ಆ ದೇಹ ದೇವರ ಸ್ವರೂಪದಲ್ಲಿ ಉಂಟಾದದ್ದು. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯ ಯೋಜನೆ ನಡೆದಾಗ, ಅನೇಕ ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆ ತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ಲಸಿಕೆ ತಪ್ಪು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಲಸಿಕೆ ಹಾಕಿಸಿಕೊಳ್ಳಿ, ಔಷಧಿ ತೆಗೆದುಕೊಳ್ಳಿ. ಸಂಶೋಧನೆಯೂ ಬೇಕು. ಆದರೆ ಬಡವರ ಮಗಳನ್ನು ಕೇಳುವ ಅಗತ್ಯ ಇಲ್ಲ ಅಂದುಕೊಂಡ ಕ್ಷಣದಲ್ಲಿ ನಾವು ವಿರ್ಟ್ಸ್‌ನ ಪಕ್ಕ ಹೋಗಿ ನಿಂತಿರುತ್ತೀವಿ. ಪಕ್ಕದ ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಗಾಯ ತೊಳೆದು ಅವರನ್ನು ಹೆಸರು ಹಿಡಿದು ಕರೆಯುವವರಿದ್ದಾರೆ. ಅದು ನಮ್ಮ ಕರ್ತನ ದಾರಿ.

ಮೂರನೆಯದು, ಇದು ಮುಖ್ಯ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವಾಗ ಯಾವಾಗಲೂ ಕೊನೆಗೆ ಜಯ ಇರುತ್ತದೆ. ಇಲ್ಲ ಅಂದೆ, ದೇವರು ಕಾಪಾಡಿದ, ಪ್ರಮೋಷನ್ ಸಿಕ್ಕಿತು, ಹಲ್ಲೆಲೂಯಾ. ಹೋತ್ವಾಲ್ ಉಳಿದರು, ಹೌದು. ಆದರೆ 230ರಲ್ಲಿ 49 ಅಂತ ಹೇಳಿದ್ದೆ ನೆನಪಿದೆಯಾ? ಉಳಿದ 181 ಜನರ ನಂಬಿಕೆ ಕಡಿಮೆ ಇತ್ತಾ? ಅವರ ಧೈರ್ಯ ಕಡಿಮೆ ಇತ್ತಾ? ಹಾಗೆ ಹೇಳುವ ಪ್ರಸಂಗಿ ನಾನಾಗಲಾರೆ. ದಾನಿಯೇಲ ಮೂರನೇ ಅಧ್ಯಾಯ ನೋಡಿ. ಶದ್ರಕ್, ಮೇಶಕ್, ಅಬೇದ್‌ನೆಗೋ ರಾಜನಿಗೆ ಏನು ಹೇಳಿದರು? ನಮ್ಮ ದೇವರು ಬಿಡಿಸಲು ಶಕ್ತನು, ಬಿಡಿಸದೆ ಹೋದರೂ ನಾವು ಅಡ್ಡ ಬೀಳುವುದಿಲ್ಲ ಅನ್ನುವ ಭಾವದಲ್ಲಿ ಉತ್ತರ ಕೊಟ್ಟರು. ಬೆಂಕಿಯಲ್ಲಿ ನಾಲ್ಕನೆಯವನು ಇರುತ್ತಾನೆ ಅಂತ ಅವರಿಗೆ ಆಗ ಗೊತ್ತಿರಲಿಲ್ಲ. ಉತ್ತರ ಕೊಟ್ಟದ್ದು ಬೆಂಕಿಗೆ ಬೀಳುವ ಮೊದಲು. ಫಲ ಏನಾಗುತ್ತದೆ ಅಂತ ನೋಡಿಕೊಂಡು ವಿಧೇಯರಾಗುವುದು ವ್ಯಾಪಾರ. ನಂಬಿಕೆ ಅಂದರೆ ಫಲ ಗೊತ್ತಾಗುವ ಮೊದಲೇ ಇಲ್ಲ ಅನ್ನುವುದು.

ಹಾಗಾಗಿ ತಮ್ಮಂದಿರೇ, ತಂಗಿಯರೇ, ನಾನು ನಿಮಗೆ ಕೆಲಸ ಉಳಿಯುತ್ತದೆ ಅಂತ ಮಾತು ಕೊಡಲಾರೆ. ಇಎಂಐ ಇದೆ, ಮನೆ ಬಾಡಿಗೆ ಇದೆ, ನನಗೂ ಇದೆ. ನನಗೆ ಬೇರೆ ದಾರಿ ಇರಲಿಲ್ಲ ಅಂತ ಒಂದು ದಿನ ಹೇಳಬೇಕು ಅನ್ನಿಸಿದಾಗ, ಆ ಲಂಡನ್ ಕೋರ್ಟಿನಲ್ಲಿ ನಿಂತಿದ್ದ ಪಾಸ್ಟರ್ ಮಗಳನ್ನು ನೆನಪಿಸಿಕೊಳ್ಳಿ. ನೀವು ಇಲ್ಲ ಅಂದದ್ದಕ್ಕೆ ಕೆಲಸ ಹೋದರೆ, ಈ ಸಭೆ ನಿಮ್ಮ ಜೊತೆ ನಿಲ್ಲಬೇಕು. ಹಿರಿಯರೇ, ಇದು ನಮಗೂ ಸೇರಿದ ಮಾತು. ಒಬ್ಬರಿಗೆ ಇಲ್ಲ ಅನ್ನು ಅಂತ ಹೇಳಿ, ಆಮೇಲೆ ಅವರ ಮನೆಯ ಅಕ್ಕಿ ಡಬ್ಬ ನೋಡದೆ ಇರೋದು ನ್ಯಾಯ ಅಲ್ಲ.

ಎಲ್ಲರೂ ಎದ್ದು ನಿಲ್ಲೋಣ. ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಆಸ್ಪತ್ರೆಯಲ್ಲಿ, ಲ್ಯಾಬಿನಲ್ಲಿ, ಆಫೀಸಿನಲ್ಲಿ ಕೆಲಸ ಮಾಡುವ ನಿನ್ನ ಮಕ್ಕಳನ್ನು ನೆನೆಯುತ್ತೇವೆ ಅಪ್ಪಾ. ಯಾರ ಒಪ್ಪಿಗೆಯನ್ನೂ ಕೇಳದೆ ಯಾರ ದೇಹ ಮುಟ್ಟಲಾಯಿತೋ, ಯಾರ ಹೆಸರು ನಂಬರ್ ಆಯಿತೋ, ಅವರೆಲ್ಲರ ಹೆಸರು ನಿನಗೆ ಗೊತ್ತು. ಶಿಪ್ರಾ ಪೂಗಾ ಅವರಿಗೆ ಕೊಟ್ಟ ನಿನ್ನ ಭಯವನ್ನು ನಮಗೂ ಕೊಡು. ಬಾಯಿ ಬಿಡಬೇಕಾದಾಗ ಬಾಯಿ ಕೊಡು. ಕೈ ಹಿಂದೆ ತೆಗೆದುಕೊಳ್ಳಬೇಕಾದಾಗ ಬಲ ಕೊಡು. ನೀನು ಬಿಡಿಸಿದರೂ ಬಿಡಿಸದಿದ್ದರೂ ನಾವು ನಿನ್ನವರೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ದೇವರು ನಿಮ್ಮನ್ನು ಆಶೀರ್ವದಿಸಲಿ. ಹೊಸದಾಗಿ ಬಂದವರು ಹಾಗೇ ಹೋಗಬೇಡಿ, ಟೀ ಇದೆ, ಕೂತು ಮಾತಾಡೋಣ.